ತಳವಿಲ್ಲದ ಟೆಂಟು: ಉಳಿದದ್ದು 80 ಗ್ರಾಂ

12 ಅಡಿ ಉದ್ದ, 9 ಅಡಿ ಅಗಲದ ಟಾರ್ಪಾಲು. ಉತ್ತರ ಕರ್ನಾಟಕದವರ ಬಾಯಲ್ಲಿ ತಾಡಪತ್ರಿ. 120 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 120 ಗ್ರಾಂ ತೂಗುವ ಹಾಳೆ. 108 ಚದರಡಿ ಎಂದರೆ ಹತ್ತು ಚದರ ಮೀಟರು. ಲೆಕ್ಕದ ಪ್ರಕಾರ 1,200 ಗ್ರಾಂ. ಕಿರಾಣಿ ಅಂಗಡಿಯ ತಕ್ಕಡಿ ತೋರಿಸಿದ್ದು 1,260. ಹೆಚ್ಚಿನ 60 ಗ್ರಾಂ ಅಂಚಿನೊಳಗಿನ ಹಗ್ಗ ಮತ್ತು ಅಲ್ಯೂಮಿನಿಯಂ ಕಣ್ಣುಗಳದ್ದು.

ಇದಕ್ಕೆ ನಾನು ಕೊಟ್ಟಿದ್ದು 600 ರೂಪಾಯಿ. ಇಬ್ಬರು ಮಲಗುವ ಅಗ್ಗದ ಟೆಂಟಿಗೆ 3,000 ರೂಪಾಯಿ, ತೂಕ ಎರಡೂವರೆ ಕಿಲೋ. ಅರ್ಧ ಭಾರ, ಐದನೇ ಒಂದು ಪಾಲು ಬೆಲೆ ಎಂದು ಬೀಗುವಷ್ಟರಲ್ಲಿ ಬಾಲಂಗೋಚಿಗಳು ಶುರುವಾದವು. 20 ಮೀಟರು ನೈಲಾನ್ ಹಗ್ಗ: 120 ರೂಪಾಯಿ, 200 ಗ್ರಾಂ. ಎಂಟು ಗೂಟ: 200 ರೂಪಾಯಿ, 120 ಗ್ರಾಂ. ನೆಲಕ್ಕೆ ಹಾಸಲು 7x5 ಅಡಿಯ ಇನ್ನೊಂದು ಹಾಳೆ: 200 ರೂಪಾಯಿ, 390 ಗ್ರಾಂ. ಸೊಳ್ಳೆಪರದೆ: 400 ರೂಪಾಯಿ, 450 ಗ್ರಾಂ. ಒಟ್ಟು 1,520 ರೂಪಾಯಿ, 2,420 ಗ್ರಾಂ. ದುಡ್ಡು ಅರ್ಧದಷ್ಟು ಉಳಿಯಿತು, ನಿಜ. ಬೆನ್ನಿನ ಮೇಲೆ ಉಳಿದದ್ದು 80 ಗ್ರಾಂ, ಒಂದು ಏಲಕ್ಕಿ ಬಾಳೆಹಣ್ಣಿನ ಭಾರ.

ಜಾಗದ ಲೆಕ್ಕದಲ್ಲಿ ಮಾತ್ರ ಟಾರ್ಪಾಲಿನದೇ ಮೇಲುಗೈ. ಎರಡು ಮರಗಳ ನಡುವೆ ಮೂರೂವರೆ ಅಡಿ ಎತ್ತರಕ್ಕೆ ಹಗ್ಗ ಬಿಗಿದು, 12 ಅಡಿ ಉದ್ದಕ್ಕೂ ನೆತ್ತಿ ಬರುವಂತೆ ಹೊದಿಸಿದರೆ ಎರಡೂ ಕಡೆ ನಾಲ್ಕೂವರೆ ಅಡಿಯ ಇಳಿಜಾರು, ಬುಡದಲ್ಲಿ 5 ಅಡಿ 8 ಇಂಚು ಅಗಲ. ಒಟ್ಟು 68 ಚದರಡಿ. ಟೆಂಟಿನದು 35. ಚದರಡಿಗೆ ಇಲ್ಲಿ 22 ರೂಪಾಯಿ, ಅಲ್ಲಿ 86. ಕೆಸರುಗಾಲಲ್ಲೇ ಒಳಗೆ ನುಗ್ಗಬಹುದು, ತೆರೆದ ತುದಿಯಲ್ಲಿ ಸ್ಟವ್ ಹಚ್ಚಿ ಚಹಾ ಕಾಯಿಸಬಹುದು. ಮುಚ್ಚಿದ ಟೆಂಟಿನೊಳಗೆ ಈ ಸಾಹಸ ಬೇಡ. ಬೆಂಕಿಗಿಂತ ಕಾರ್ಬನ್ ಮಾನಾಕ್ಸೈಡ್ ಅಪಾಯ ದೊಡ್ಡದು. ಉಸಿರು, ಬೆವರು ಸೇರಿ ಒಬ್ಬರ ಮೈಯಿಂದ ರಾತ್ರಿಗೆ ಹೆಚ್ಚುಕಡಿಮೆ ಕಾಲು ಲೀಟರು ನೀರು ಹೊರಬರುತ್ತದೆ. ಇಲ್ಲಿ ಅದು ಗಾಳಿಯ ಜೊತೆ ಹೋಗುತ್ತದೆ. ಟೆಂಟಿನಲ್ಲಾದರೆ ಬೆಳಗಿನ ಜಾವ ಮುಖದ ಮೇಲೇ ತೊಟ್ಟಿಕ್ಕುತ್ತದೆ.

ಮಳೆಯ ಲೆಕ್ಕ ಮಾಡಲು ಮರೆತಿದ್ದೆ. ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತಂಗುವಂತಿಲ್ಲ. ಹಾಗಾಗಿ ನಾವು ಮಲಗಿದ್ದು ಪರಿಚಯದವರ ಕಾಫಿ ತೋಟದಂಚಿನಲ್ಲಿ, ಅಕ್ಟೋಬರ್‌ನಲ್ಲಿ. ತೋಟದವರು ಮಳೆಯನ್ನು ಇಂಚಿನಲ್ಲೇ ಅಳೆಯುತ್ತಾರೆ. ಬೆಳಿಗ್ಗೆ ಅವರ ಮಳೆಮಾಪಕದಲ್ಲಿ ಎರಡು ಇಂಚು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ನಮ್ಮ ಸೂರಿನ ಮೇಲೆ ಬಿದ್ದದ್ದು 320 ಲೀಟರು. ಒಂದೊಂದು ಅಂಚಿನಿಂದ 160 ಲೀಟರು, ಹನ್ನೆರಡು ಲೀಟರಿನ ಕೊಡದಲ್ಲಿ ಹದಿಮೂರು ಕೊಡ. ಹಾಸು ಹಾಳೆಯ ಅಗಲ ಐದಡಿ. ಸೂರಿನಂಚಿಗೂ ಅದಕ್ಕೂ ಇದ್ದದ್ದು ಬರೀ ನಾಲ್ಕು ಇಂಚು. ನೆಲ ತುಸು ಇಳಿಜಾರಾಗಿತ್ತು. ನಿದ್ದೆಯಲ್ಲಿ ಜಾರಿಜಾರಿ ಹಾಳೆಯೂ ಸರಿದು ಅಂಚು ಹೊರಗೆ ಇಣುಕಿತು. ಅಷ್ಟು ಸಾಕಿತ್ತು. ಸೂರಿನ ನೀರು ಹಾಳೆಯ ಮೇಲೇರಿ ನೇರ ನನ್ನ ಬೆನ್ನಡಿಗೆ ಬಂತು. ಎರಡು ಗಂಟೆಗೆ ಎದ್ದು ಟಾರ್ಚ್ ಹಾಕಿದರೆ, ಚೀಲದ ಪಟ್ಟಿಯ ಮೇಲೆ ತಲೆಯೆತ್ತಿ ಆಡುತ್ತಿದ್ದ ಇಂಬಳಗಳು ಏಳು. ಟೆಂಟಿನ ತಳದ ಬಟ್ಟೆ ನಾಲ್ಕಾರು ಇಂಚು ಗೋಡೆಯಂತೆ ಏಕೆ ಮೇಲೆದ್ದಿರುತ್ತದೆ ಎಂಬುದು ಆಗ ಅರ್ಥವಾಯಿತು.

ಇಂಬಳ ರಕ್ತ ಹೀರಿ ಹೋಗುತ್ತದೆ, ಅಷ್ಟೇ. ಒಣಗಾಲದ ಉಣುಗು ಹಾಗಲ್ಲ, ಕಚ್ಚಿ ಕಾಯಿಲೆ ಹರಡುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ, ಅದೇ ಚಾರಣದ ಹಂಗಾಮು. ತರಗೆಲೆಯ ಮೇಲೆ ಬರೀ ಹಾಳೆ ಹಾಸಿ ಮಲಗುವುದನ್ನು ಆ ತಿಂಗಳುಗಳಲ್ಲಿ ನಾನಂತೂ ಬಿಟ್ಟಿದ್ದೇನೆ.

ತೂಕವೇ ಇಳಿಯಬೇಕೆಂದರೆ ಸಿಲಿಕೋನ್ ಲೇಪದ ನೈಲಾನ್ ಇದೆ. ಚದರ ಮೀಟರಿಗೆ 50 ಗ್ರಾಂ, ಇಷ್ಟೇ ಅಳತೆಗೆ 500 ಗ್ರಾಂ. ಒಟ್ಟು ಹೊರೆ 1,660 ಗ್ರಾಂಗೆ ಇಳಿಯುತ್ತದೆ. ಆದರೆ ನಾಲ್ಕು ಸಾವಿರಕ್ಕೆ ಕಡಿಮೆ ನನಗೆ ಸಿಕ್ಕಿಲ್ಲ. ಅದನ್ನು ಸೇರಿಸಿದರೆ ಲೆಕ್ಕ 4,920 ರೂಪಾಯಿ, ಟೆಂಟಿಗಿಂತ 1,920 ಹೆಚ್ಚು.

ನನ್ನ 600 ರೂಪಾಯಿಯ ಟಾರ್ಪಾಲು ಸದ್ಯ ಅದೇ ತೋಟದ ಕಣದಲ್ಲಿದೆ, ಕಾಫಿ ಹಣ್ಣು ಒಣಗಿಸಲು. ಮೆಣಸು ಒಣಗಿದ ಮೇಲೆ ಕೊಡುತ್ತೇನೆ ಎಂದಿದ್ದಾರೆ.