ಸಾಕು ನಾಯಿಗೆ ಬೀದಿ ನಾಯಿ ಕಚ್ಚಿತೇ? ಲಸಿಕೆ ಆಗಿದ್ದರೂ ಸುಮ್ಮನಿರಬೇಡಿ

ವಾಕಿಂಗ್‌ಗೆ ಕರೆದೊಯ್ದ ಸಾಕು ನಾಯಿಗೆ ಬೀದಿ ನಾಯಿ ಕಚ್ಚಿದಾಗ, ‘ವರ್ಷದ ಲಸಿಕೆ ಆಗಿದೆಯಲ್ಲ’ ಎಂದು ಸುಮ್ಮನಾಗುವವರಿದ್ದಾರೆ. ಇದು ಅಪಾಯಕಾರಿ. ರೇಬಿಸ್ ವೈರಸ್ ಜೊಲ್ಲಿನ ಮೂಲಕ ಗಾಯ ಸೇರಿ, ನರಗಳ ಮೂಲಕ ಮಿದುಳಿಗೆ ಸಾಗುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯನ್ನು ಉಳಿಸುವ ಚಿಕಿತ್ಸೆಯಿಲ್ಲ. ಆದರೆ ವೈರಸ್ ಮಿದುಳು ತಲುಪಲು ಸಾಮಾನ್ಯವಾಗಿ ವಾರಗಳೇ ಬೇಕಾಗುವುದರಿಂದ ತಡೆಯಲು ಅವಕಾಶವಿದೆ.

ಮೊದಲು ಕೈಗವಸು ಹಾಕಿಕೊಂಡು, ಗಾಯಕ್ಕೆ ಸೋಪು ಹಚ್ಚಿ ನಲ್ಲಿ ನೀರಿನಲ್ಲಿ 15 ನಿಮಿಷ ತೊಳೆಯಿರಿ. ನೋವಿನಲ್ಲಿರುವ ನಾಯಿ ಮನೆಯವರನ್ನೇ ಕಚ್ಚಬಹುದು, ಎಚ್ಚರ. ಅರಿಶಿನ, ಸುಣ್ಣ, ಖಾರದ ಪುಡಿ ಬೇಡವೇ ಬೇಡ.

ಅದೇ ದಿನ ಲಸಿಕೆ ಕಾರ್ಡ್ ಸಮೇತ ಪಶುವೈದ್ಯರ ಬಳಿ ಕರೆದೊಯ್ಯಿರಿ. ಮೊದಲೇ ಲಸಿಕೆ ಪಡೆದ ನಾಯಿಗೂ ಕೂಡಲೇ ಬೂಸ್ಟರ್ ಬೇಕು. ಎಷ್ಟು ಡೋಸ್ ಎಂಬುದನ್ನು ಕಾರ್ಡ್ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಲಸಿಕೆಯೇ ಆಗಿರದಿದ್ದರೆ ಭಾರತದಲ್ಲಿ ಸಾಮಾನ್ಯವಾಗಿ 0, 3, 7, 14 ಮತ್ತು 28ನೇ ದಿನ ಚುಚ್ಚುಮದ್ದು ಕೊಡಲಾಗುತ್ತದೆ. ಮೊದಲ ಚುಚ್ಚುಮದ್ದಿನ ದಿನವೇ ಇಲ್ಲಿ 0. ಎರಡು ಡೋಸ್ ಆದ ಮೇಲೆ ‘ನಾಯಿ ಚೆನ್ನಾಗಿಯೇ ಇದೆ’ ಎಂದು ನಿಲ್ಲಿಸುವಂತಿಲ್ಲ.

ಬಿಡಿಸಲು ಹೋದವರ ಕೈಗೆ ಗೀರು ಬಿದ್ದಿದ್ದರೆ, ಅಲ್ಲಿಗೆ ಜೊಲ್ಲು ತಾಗಿದ್ದರೆ ಅವರೂ ಅಂದೇ ಆಸ್ಪತ್ರೆಗೆ ಹೋಗಬೇಕು.