ಕೂಸಿನ ಕಣ್ಣು ಕಿವಿಗಳಿಗೆ ಹೆಣ್ಣು ಗಂಡು



ಈಗ ನನ್ನ ಮುಖ ತಮಗೆ ಕಾಣುತ್ತಿಲ್ಲ. ಆದರೂ ಮಾತನಾಡುತ್ತಿರುವವನು ಗಂಡಸೆಂಬುದನ್ನು ಮೊದಲ ಮಾತಿನಲ್ಲಿಯೇ ತಾವು ತಿಳಿದುಕೊಂಡಿರಿ. ಈ ತಿಳಿವು ನಮ್ಮಲ್ಲಿ ಮೂಡುವುದು ಎಂದಿನಿಂದ? ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಸ್ಥಾಪಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರೇ ಆಗಿದ್ದರು. ಆದುದರಿಂದ ಬಾನುಲಿಯಲ್ಲಿ ಈ ಪ್ರಶ್ನೆಯನ್ನೆತ್ತುವುದು ಅನುಚಿತವಾಗಲಾರದು.

ಆನೇಕಲ್ ತಾಲ್ಲೂಕಿನ ಜಿಗಣಿಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದ ತಂದೆಯು ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡರೆ, ಅದು ಮುಖ ತಿರುಗಿಸಿ ಅಜ್ಜಿಯನ್ನೇ ನೋಡುತ್ತದೆ. “ಗಂಡಸರಿಗೆ ಕೂಸು ಒಗ್ಗುವುದಿಲ್ಲಪ್ಪ” ಎಂದು ಆಕೆ ಮಗನಿಗೆ ಸಮಾಧಾನ ಹೇಳುತ್ತಾಳೆ. ಈ ಮಾತು ನಿಜವೇ?

ಮೊದಲು ಕಿವಿಯ ವಿಚಾರ. ಗರ್ಭದಲ್ಲಿರುವಾಗಲೇ ಶಿಶುವಿಗೆ ತಾಯಿಯ ದನಿ ಕೇಳಿಸುತ್ತದೆ. ೧೯೮೦ರಲ್ಲಿ ಅಮೆರಿಕಾದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬವರು, ಹುಟ್ಟಿ ಮೂರು ದಿನವೂ ತುಂಬದ ಕೂಸುಗಳ ಬಾಯಿಗೆ ರಬ್ಬರಿನ ತೊಟ್ಟನ್ನಿತ್ತು, ಚೀಪುವ ರೀತಿಗೆ ತಕ್ಕಂತೆ ತಾಯಿಯ ದನಿಯೋ ಅನ್ಯಸ್ತ್ರೀಯ ದನಿಯೋ ಕೇಳಿಸುವಂತೆ ಮಾಡಿದರು. ಕೂಸುಗಳು ತಾಯಿಯ ದನಿಯೇ ಬರುವಂತೆ ಚೀಪತೊಡಗಿದುವು. ೧೯೮೪ರ ಪರೀಕ್ಷೆಯೊಂದರಲ್ಲಾದರೋ, ತಂದೆಯ ದನಿಗೆ ಅನ್ಯಪುರುಷನ ದನಿಗಿಂತ ಹೆಚ್ಚಿನ ಒಲವು ಕಂಡುಬರಲಿಲ್ಲ.

ಇನ್ನು ಕಣ್ಣಿನ ವಿಚಾರ. ೨೦೦೨ರಲ್ಲಿ ಕ್ವಿನ್ ಮತ್ತು ಅವರ ಸಂಗಡಿಗರು ಮೂರು ನಾಲ್ಕು ತಿಂಗಳ ಕೂಸುಗಳಿಗೆ ಹೆಣ್ಣು ಗಂಡುಗಳ ಮುಖಚಿತ್ರಗಳನ್ನು ಜೊತೆಜೊತೆಯಾಗಿ ತೋರಿಸಿದರು. ತಾಯಿ ಸಾಕುತ್ತಿದ್ದ ಕೂಸುಗಳು ಹೆಣ್ಣಿನ ಮುಖವನ್ನೇ ಹೆಚ್ಚು ಹೊತ್ತು ನೋಡಿದುವು. ತಂದೆಯೇ ಮುಖ್ಯವಾಗಿ ಸಾಕುತ್ತಿದ್ದ ಕೂಸುಗಳ ಒಲವು ಗಂಡಿನ ಮುಖದ ಕಡೆಗಿತ್ತು. ಈ ಎರಡನೆಯ ಗುಂಪು ಬಹಳ ಚಿಕ್ಕದು. ಆದರೂ ಫಲಿತಾಂಶವು ವಿಚಾರಾರ್ಹವಾದುದು. ಯಾರು ಎತ್ತಿ ಆಡಿಸುವರೋ ಅವರಂಥ ಮುಖವೇ ಕೂಸಿಗೆ ಬಳಕೆಯ ಮುಖ.

ಮುಖವನ್ನೂ ದನಿಯನ್ನೂ ಕೂಡಿಸುವುದು ಇನ್ನೂ ನಿಧಾನ. ಕೆನಡಾದ ಪ್ಯಾಟರ್ಸನ್ ಮತ್ತು ವರ್ಕರ್ ಅವರು ೨೦೦೨ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಗಂಡುದನಿ ಕೇಳಿ ಗಂಡುಮುಖವನ್ನೂ ಹೆಣ್ಣುದನಿ ಕೇಳಿ ಹೆಣ್ಣುಮುಖವನ್ನೂ ಆರಿಸಿ ನೋಡಿದುವು ಎಂಟು ತಿಂಗಳ ಕೂಸುಗಳು. ಅದಕ್ಕಿಂತ ಎಳೆಯವು ಹಾಗೆ ಮಾಡಲಿಲ್ಲ. ಆಗಲೂ ಹೆಣ್ಣು ಗಂಡೆಂಬುದರ ಅರ್ಥ ಅವಕ್ಕೆ ತಿಳಿದಿತ್ತೆನ್ನಲಾಗದು. ಇಂಥ ಮುಖದ ಸಂಗಡ ಇಂಥ ದನಿ ಎಂಬ ರೂಢಿಯನ್ನು ಮಾತ್ರ ಗುರುತಿಸಿದ್ದುವು.

ಆದ ಕಾರಣ ಜಿಗಣಿಯ ಆ ತಂದೆಯು ನಿರಾಶನಾಗಬೇಕಾದುದಿಲ್ಲ. ಕೂಸಿನ ಕಣ್ಣು ತಿರುಗುವುದು ಬಳಕೆಯಿಂದ. ಬಳಕೆಯನ್ನು ಬೆಳೆಸುವುದು ಅವನ ಕೈಯಲ್ಲಿಯೇ ಇದೆ. ದಿನವೂ ಸ್ವಲ್ಪ ಹೊತ್ತು ಮುಖವನ್ನು ಹತ್ತಿರಕ್ಕೆ ತಂದು ಮಾತನಾಡಿಸಲಿ, ತೊಟ್ಟಿಲು ತೂಗಲಿ. ಅಜ್ಜಿಯ ಮಾತು ತಾನಾಗಿಯೇ ಬದಲಾದೀತು.