ಪಂಚೆಯುಟ್ಟು ವಿಮಾನವೇರಿದ ದಿನ

ನಮ್ಮ ಕಡಲ ಕರೆಯ ಗೃಹಸ್ಥನಿಗೆ ಎರಡು ಬಗೆಯ ಉಡುಗೆಗಳುಂಟು. ಒಂದು, ಮೈಗೆ ಒಗ್ಗಿದ ಪಂಚೆ. ಇನ್ನೊಂದು, ಊರು ಬಿಟ್ಟು ಹೊರಡುವಾಗ ಪೆಟ್ಟಿಗೆಯಿಂದ ತೆಗೆಯುವ ಷರಾಯಿ. ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ಪೇಟೆಯಲ್ಲಿ ಪಂಚೆಯುಟ್ಟು ನಡೆದವನನ್ನು ಇಂದಿಗೂ ಯಾರೂ ತಿರುಗಿ ನೋಡರು. ದೇವಸ್ಥಾನದಲ್ಲಿ, ಮದುವೆಯ ಚಪ್ಪರದಲ್ಲಿ ಅದಕ್ಕೇ ಮನ್ನಣೆ. ಆದರೆ ವಿಮಾನದ ಮಾತು ಬಂದೊಡನೆ ಮನೆಯ ಹುಡುಗರು ಹಿರಿಯರಿಗೆ ಷರಾಯಿ ಹೊಲಿಸಲು ಓಡುತ್ತಾರೆ. ಇದೇಕೆ ಹೀಗೆಂಬುದನ್ನು ವಾಚಕರೊಡನೆ ಸ್ವಲ್ಪ ವಿಚಾರಿಸಬೇಕೆಂದು ನಮ್ಮ ಆಸೆ.

ಬೈಂದೂರಿನಲ್ಲಿರುವ ನಮ್ಮ ದೊಡ್ಡಪ್ಪಯ್ಯನಿಗೆ ಎಪ್ಪತ್ತೆಂಟು ವರ್ಷ. ಅವರ ಅಕ್ಕ ಬೆಂಗಳೂರಿನಲ್ಲಿ ಹಾಸಿಗೆ ಹಿಡಿದಿದ್ದರು. ನೋಡಿ ಬರಬೇಕು; ಆದರೆ ಕೊಟ್ಟಿಗೆಯ ಹಸುಗಳನ್ನು ಒಂದು ಸಂಜೆಗಿಂತ ಹೆಚ್ಚು ಕಾಲ ನೆರೆಯವರಿಗೆ ಒಪ್ಪಿಸುವಂತಿಲ್ಲ. ಬೆಳಗಿನ ವಿಮಾನದಲ್ಲಿ ಹೋಗಿ, ಅದೇ ಸಂಜೆಯ ರೈಲಿನಲ್ಲಿ ಹೊರಟು ಬಿಡುವುದೊಂದೇ ದಾರಿಯೆಂದು ನಿಶ್ಚಯವಾಯಿತು. ಪಂಚೆಯಲ್ಲಿ ಬಂದರೆ ವಿಮಾನದವರು ತಡೆದಾರೆಂದು ಮಕ್ಕಳು ಹೆದರಿಸಿದರು. ಅವರು ಒಂದೇ ಮಾತಿನಲ್ಲಿ ಮುಗಿಸಿದರು: “ಪ್ಯಾಂಟ್ ಹಾಯ್ಕಂಡೇ ಬರ್ಕ್ ಅಂದ್ರೆ ನಾನ್ ಬತ್ತಿಲ್ಲೆ ಮಗ.” ಅಕ್ಕನನ್ನು ಕಾಣುವ ಆಸೆಗಿಂತಲೂ ಅವರಿಗೆ ಆ ಸಂಕೋಚವೇ ದೊಡ್ಡದಾಗಿತ್ತು. ಇದನ್ನು ಹಟವೆನ್ನುವವರು ತಾವು ಎಂದೂ ಉಡದ ಬಟ್ಟೆಯಲ್ಲಿ ಸಾವಿರ ಜನರ ನಡುವೆ ಒಂದು ಗಳಿಗೆ ನಿಂತು ನೋಡಬೇಕು.

ವಿಮಾನದಲ್ಲಿ ಪಂಚೆಯುಡಬಾರದೆಂಬ ಕಟ್ಟಳೆ ನಮ್ಮ ದೇಶದಲ್ಲಿಲ್ಲ. ಶ್ರೀ ಎಚ್. ಡಿ. ದೇವೇಗೌಡರು 1996ರಲ್ಲಿ ಪ್ರಧಾನಮಂತ್ರಿಗಳಾದಾಗಲೂ ಅವರ ಉಡುಗೆ ಪಂಚೆಯೇ. ಅದಕ್ಕೂ ಮೊದಲು, 1931ರಲ್ಲಿ, ಗಾಂಧೀಜಿಯವರು ಇಂಗ್ಲೆಂಡಿನ ದೊರೆಯ ಅರಮನೆಗೆ ಮೊಳಕಾಲುದ್ದದ ಪಂಚೆಯಲ್ಲಿಯೇ ಹೋಗಿದ್ದರು. ಅದೇ ಉಡುಗೆಯಲ್ಲಿ 1934ರ ಫೆಬ್ರವರಿಯಲ್ಲಿ ನಮ್ಮ ಕುಂದಾಪುರಕ್ಕೂ ಬಂದಿದ್ದರು.

ಹಾಗೆಂದು ಮಕ್ಕಳ ಭಯ ಬುಡವಿಲ್ಲದ್ದೆಂದು ಹೇಳಲಾಗದು. 2014ರಲ್ಲಿ ಚೆನ್ನೈಯ ಕ್ರಿಕೆಟ್ ಸಂಘದ ಕ್ಲಬ್ಬೊಂದು ವೇಷ್ಟಿಯುಟ್ಟು ಬಂದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳನ್ನೇ ಬಾಗಿಲಲ್ಲಿ ತಡೆಯಿತು. ಆ ವರ್ಷವೇ ತಮಿಳುನಾಡಿನ ಸರಕಾರವು ಇಂತಹ ತಡೆಯನ್ನು ಅಪರಾಧವೆಂದು ಸಾರುವ ಕಾನೂನನ್ನು ತಂದಿತು. ನಮ್ಮ ಬೆಂಗಳೂರಿನಲ್ಲಿಯೂ 2024ರ ಜುಲೈಯಲ್ಲಿ, ಮಗನೊಡನೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ಮುದುಕ ರೈತರೊಬ್ಬರನ್ನು ಪಂಚೆಯುಟ್ಟ ಕಾರಣಕ್ಕೆ ದೊಡ್ಡ ಮಳಿಗೆಯೊಂದರ ಕಾವಲುಗಾರರು ಒಳಗೆ ಬಿಡಲಿಲ್ಲ. ಸರಕಾರವು ಆ ಮಳಿಗೆಯನ್ನು ಏಳು ದಿನ ಮುಚ್ಚಿಸಿತು. ತಡೆದವರೂ ನಮ್ಮವರೇ, ತಡೆಯಲ್ಪಟ್ಟವರೂ ನಮ್ಮವರೇ ಎಂಬುದು ಇದರಲ್ಲಿ ನಮಗೆ ಹೆಚ್ಚು ನೋವಿನ ಸಂಗತಿ.

ಸ್ಕಾಟ್ಲೆಂಡಿನವರ ಕಥೆ ಬೇರೆ. ಅಲ್ಲಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ, ಮೊಳಕಾಲಿಗೆ ಬರುವ ಚೌಕುಳಿಯ ಉಣ್ಣೆ ಬಟ್ಟೆಗೆ ಕಿಲ್ಟು ಎಂದು ಹೆಸರು. 1745ರ ದಂಗೆಯಡಗಿದ ಮೇಲೆ ಆಂಗ್ಲ ಪ್ರಭುತ್ವವು ಮರುವರ್ಷವೇ ಆ ಉಡುಗೆಯನ್ನು ನಿಷೇಧಿಸಿತು. ಸೈನಿಕರ ಹೊರತು ಯಾರೇ ಉಟ್ಟರೂ ಆರು ತಿಂಗಳ ಸೆರೆ. ಮತ್ತೆ ಉಟ್ಟರೆ ಏಳು ವರ್ಷ ಕಡಲಾಚೆಗೆ ಗಡೀಪಾರು. 1782ರಲ್ಲಿ ಆ ಶಾಸನ ರದ್ದಾಯಿತು. ಇಂದು ಅವರು ಮದುವೆಗೂ ಆಟದ ಪಂದ್ಯಕ್ಕೂ ಅದನ್ನು ಉಟ್ಟೇ ವಿಮಾನವೇರುತ್ತಾರೆ. ಅವರ ತೊಡಕುಗಳೂ ನಮ್ಮವೇ. ಕಿಲ್ಟಿಗೆ ಜೇಬಿಲ್ಲವಾದ್ದರಿಂದ ಮುಂದುಗಡೆ ತೊಗಲಿನ ಚೀಲ ತೂಗುಹಾಕುತ್ತಾರೆ. ಕಾಲುಚೀಲದಲ್ಲಿ ಸಿಕ್ಕಿಸುವ ಪುಟ್ಟ ಚೂರಿಯನ್ನು ಮಾತ್ರ ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿಡಬೇಕು. ದೊಡ್ಡಪ್ಪಯ್ಯನ ಎಲೆಯಡಿಕೆಯ ಸಂಚಿಯಲ್ಲಿದ್ದ ಅಡಕತ್ತರಿಗೂ ಅದೇ ನ್ಯಾಯ. ಅದನ್ನು ಮನೆಯಲ್ಲಿಯೇ ಇಡಿಸಿ, ಅಡಿಕೆಯನ್ನು ಹೋಳು ಮಾಡಿಸಿ ತಂದೆವು.

ಅಂತೂ ಒಂದು ನಸುಕಿನಲ್ಲಿ ಹೊರಟೆವು. ಹಿರಿಯರಿಗೆ ಎಂಟು ಮೊಳದ ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಹೆಗಲಿಗೆ ಬೈರಾಸ. ಅವರ ಜೊತೆಗಿರಲೆಂದು ನಾವೂ ಪಂಚೆಯನ್ನೇ ಉಟ್ಟೆವು. ಕುಂದಾಪುರ ದಾಟಿ, ಬ್ರಹ್ಮಾವರದಲ್ಲಿ ಚಹಾ ಕುಡಿದು, ಬಜ್ಪೆಯ ನಿಲ್ದಾಣವನ್ನು ಸೇರಿದಾಗ ಬೆಳಕು ಹರಿದಿತ್ತು.

ಪಂಚೆಯವನಿಗೆ ನಿಜವಾದ ಪರೀಕ್ಷೆ ತಪಾಸಣೆಯ ಕಟ್ಟೆಯಲ್ಲಿ. ಅಲ್ಲಿ ಸೊಂಟಪಟ್ಟಿಯನ್ನು ಬಿಚ್ಚಿ ತಟ್ಟೆಯಲ್ಲಿಡಬೇಕಾಗುವುದರಿಂದ, ಪಟ್ಟಿಯ ಬಲದ ಮೇಲೆಯೇ ನಿಂತ ಪಂಚೆಗೆ ಅಪಾಯವುಂಟು. ಹತ್ತಿಯ ಉಡಿದಾರಕ್ಕೆ ಬಿಗಿದು ಸಿಕ್ಕಿಸಿದ ಪಂಚೆಗೆ ಯಾವ ಭಯವೂ ಇಲ್ಲ. ಒತ್ತಿದರೆ ಅಂಟಿಕೊಳ್ಳುವ ಪಟ್ಟಿ ಹಚ್ಚಿದ ಪಂಚೆಗಳೂ ಈಗ ಅಂಗಡಿಗಳಲ್ಲಿ ದೊರೆಯುತ್ತವೆ. ಹೊಸಬರಿಗೆ ಅದು ಉತ್ತಮ. ಟಿಕೇಟು, ಗುರುತಿನ ಚೀಟಿಗಳನ್ನು ಅಂಗಿಯ ಜೇಬಿನಲ್ಲಿಯೇ ಇಡತಕ್ಕದ್ದು. ಒಳಗಿನ ಪಟ್ಟಾಪಟ್ಟಿ ಚಡ್ಡಿಯ ಜೇಬು ಎಷ್ಟೇ ಭದ್ರವಾಗಿದ್ದರೂ, ನೂರು ಜನರ ಸಾಲಿನಲ್ಲಿ ಅದರೊಳಕ್ಕೆ ಕೈಹಾಕುವುದು ನೋಡಲು ಚೆನ್ನಲ್ಲ.

ಎತ್ತಿ ಕಟ್ಟಿದ ಪಂಚೆಯನ್ನು ಮಾನ್ಯರ ಮುಂದೆ ಇಳಿಸುವುದು ನಮ್ಮ ಸೀಮೆಯ ಮರ್ಯಾದೆ. ಪಹರೆಯ ಹುಡುಗನಿಗೆ ಇಪ್ಪತ್ತೈದು ದಾಟಿರಲಾರದು. ಅವನನ್ನು ಕಂಡೊಡನೆ ದೊಡ್ಡಪ್ಪಯ್ಯ ಪಂಚೆಯಿಳಿಸಿ ನಿಂತರು. ಯಂತ್ರವು ಕೂಗಿತು. ಅವರ ಸೊಂಟದಲ್ಲಿದ್ದುದು ಬೆಳ್ಳಿಯ ಉಡಿದಾರ! ಹುಡುಗನು ಕೈಯಂತ್ರವನ್ನು ಆಡಿಸಿ, ಕಾರಣ ತಿಳಿದ ಮೇಲೆ ನಕ್ಕು, ತಮ್ಮೂರಿನಲ್ಲಿಯೂ ಮಕ್ಕಳಿಗೆ ಕಟ್ಟುತ್ತಾರೆಂದು ಹಿಂದಿಯಲ್ಲಿ ಹೇಳಿ ಮುಂದಕ್ಕೆ ಬಿಟ್ಟನು. ಪಂಚೆಯ ಬಗ್ಗೆ ಒಂದು ಮಾತೂ ಇಲ್ಲ. ಎಲ್ಲರ ಮುಂದೆ ತಪಾಸಣೆಗೆ ಸಂಕೋಚಪಡುವವರು ಮರೆಯಲ್ಲಿ ಮಾಡಿರೆಂದು ಕೇಳಿಕೊಳ್ಳಬಹುದು.

ವಿಮಾನದೊಳಗೆ ಹೇಳತಕ್ಕದ್ದು ಹೆಚ್ಚಿಲ್ಲ. ಇಕ್ಕಟ್ಟಾದ ಪೀಠದಲ್ಲಿ ಪಂಚೆಯಷ್ಟು ಸುಖವಾದ ಉಡುಗೆ ಇನ್ನೊಂದಿಲ್ಲ. ದೇವನಹಳ್ಳಿಯಲ್ಲಿ ಇಳಿದ ಮೇಲೆ ಓಡುವ ಮೆಟ್ಟಿಲುಗಳ ಬಳಿ ಮಾತ್ರ ಎಚ್ಚರ ಬೇಕು. ಅಂಚು ಹಲ್ಲಿಗೆ ಸಿಕ್ಕೀತು. ಅಲ್ಲಿ ಪಂಚೆಯನ್ನು ಎತ್ತಿ ಹಿಡಿಯುವುದು ಅಮರ್ಯಾದೆಯಲ್ಲ.

ಅಕ್ಕನ ಕಣ್ಣುಗಳು ಮಂಜಾಗಿದ್ದವು. ಮಂಚದ ಬದಿಯಲ್ಲಿ ಕುಳಿತವರ ಪಂಚೆಯ ಅಂಚನ್ನು ಬೆರಳಿನಿಂದ ತಡವಿ, “ತಮ್ಮ ಬಂದ್ನಾ?” ಎಂದರು. ಊಟವಾದ ಮೇಲೆ ನಾಲ್ಕು ಗಂಟೆಯವರೆಗೂ ಅಕ್ಕತಮ್ಮಂದಿರನ್ನು ಅವರಷ್ಟಕ್ಕೇ ಬಿಟ್ಟೆವು.

ಮರಳುವ ದಾರಿಗೆ ಪಂಚಗಂಗಾ ರೈಲು. ಗಂಗೊಳ್ಳಿಯಲ್ಲಿ ಕಡಲು ಸೇರುವ ಐದು ಹೊಳೆಗಳಿಂದ ಅದಕ್ಕೆ ಆ ಹೆಸರು. ಪಂಚೆಯುಟ್ಟವನು ಮೇಲಿನ ಹಾಸುಗೆಗೆ ಏಣಿ ಹತ್ತುವುದು ಕೆಳಗಿನವರ ದೃಷ್ಟಿಯಿಂದ ಹಿತವಲ್ಲ. ಅರುವತ್ತಾದ ಗಂಡಸರಿಗೆ ಕೆಳಗಿನ ಹಾಸುಗೆಯನ್ನು ಕೊಡುವ ಏರ್ಪಾಡು ರೈಲಿನಲ್ಲುಂಟು, ಟಿಕೇಟು ಕೊಳ್ಳುವಾಗಲೇ ವಯಸ್ಸನ್ನು ಸರಿಯಾಗಿ ಬರೆಯಿಸಬೇಕು. ಘಟ್ಟದ ಚಳಿಗೆ ಎಂಟು ಮೊಳದ ಇಮ್ಮಡಿ ಸುತ್ತು ಸಾಕಷ್ಟಾಯಿತು. ಇಂತಹ ಪಯಣಕ್ಕೆ ನಾಲ್ಕು ಮೊಳದ ಒಂಟಿ ಪಂಚೆ ಸಾಲದು. ಗಂಜಿ ಹಾಕಿ ಇಸ್ತ್ರಿ ಮಾಡಿದ್ದೂ ಬೇಡ, ಒಂದೇ ರಾತ್ರಿಯಲ್ಲಿ ಮುದ್ದೆಯಾಗುತ್ತದೆ.

ಬೆಳಗ್ಗೆ ಬಾರಕೂರು ದಾಟಿ, ಮೂಡ್ಲಕಟ್ಟೆಯ ಕುಂದಾಪುರ ನಿಲ್ದಾಣವೂ ಹಿಂದಾದ ಮೇಲೆ ಬೈಂದೂರಿನಲ್ಲಿ ಇಳಿದೆವು. ದೊಡ್ಡಪ್ಪಯ್ಯ ಬೈರಾಸವನ್ನು ಕೊಡವಿ ಹೆಗಲಿಗೆ ಹಾಕಿ, ಪಂಚೆಯನ್ನು ಮೊಳಕಾಲ ಮೇಲಕ್ಕೆ ಎತ್ತಿ ಕಟ್ಟಿ, ಹಸುಗಳಿಗೆ ಹೊತ್ತಾಯಿತೆಂದು ನಮಗಿಂತ ಮುಂದಾಗಿ ನಡೆದರು.